ಭಾರದ ಬಿಳಿ ಪುಡಿ: ಬೇರಿಯಂ ಕಾರ್ಬೊನೇಟಿನ ಕಥೆ



ತೈಲಬಾವಿಗಳಲ್ಲಿ ದುಡಿಯುವ ನಮ್ಮವರಿಗೆ ಬೆರೈಟ್ ಹೊಸ ಹೆಸರಲ್ಲ. ಬಾವಿ ಕೊರೆಯುವಾಗ ಒಳಗಿನ ಒತ್ತಡ ಮೇಲಕ್ಕೆ ಉಕ್ಕದಂತೆ ಕೆಸರಿಗೆ ಬೆರೆಸುವ ಭಾರದ ಪುಡಿ ಅದು. ನೆರೆಯ ಆಂಧ್ರದ ಮಂಗಂಪೇಟೆಯಲ್ಲಿ ಅದರ ದೊಡ್ಡ ನಿಕ್ಷೇಪವೇ ಇದೆ. ಬೆರೈಟ್ ಎಂದರೆ ಬೇರಿಯಂ ಸಲ್ಫೇಟ್. ಅದು ನೀರಿನಲ್ಲೂ ಕರಗದು, ಜಠರದ ಆಮ್ಲದಲ್ಲೂ ಕರಗದು. ಆದ್ದರಿಂದ ಹೊಟ್ಟೆಗೆ ಹೋದರೂ ವಿಷವಾಗದು. ಅದರಿಂದಲೇ ತಯಾರಾಗುವ ಬೇರಿಯಂ ಕಾರ್ಬೊನೇಟ್ ಮಾತ್ರ ಪ್ರಾಣ ತೆಗೆಯಬಲ್ಲದು.

ಸುಮಾರು 1602ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ವಿಂಚೆಂಜೊ ಕಾಶಿಯಾರೊಲೊ, ಚಿನ್ನದ ಆಸೆಯಿಂದ ಪಾದೆರ್ನೊ ಬೆಟ್ಟದ ಭಾರವಾದ ಕಲ್ಲನ್ನು ಇದ್ದಿಲಿನೊಡನೆ ಸುಟ್ಟ. ಚಿನ್ನ ಸಿಗಲಿಲ್ಲ, ಬಿಸಿಲು ಕಂಡ ಆ ಕಲ್ಲು ಕತ್ತಲಲ್ಲಿ ಹೊಳೆಯಿತು. 1774ರಲ್ಲಿ ಸ್ವೀಡನ್ನಿನ ಷೀಲೆ ಬೇರಿಯಂನ ಆಕ್ಸೈಡನ್ನು ಹೊಸ ಪದಾರ್ಥವೆಂದು ಗುರುತಿಸಿದರು. 1784ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಗಣಿಯಲ್ಲಿ ಸಿಕ್ಕ ಸಹಜ ಕಾರ್ಬೊನೇಟನ್ನು ವಿವರಿಸಿದರು. ಆ ಖನಿಜಕ್ಕೆ ವಿದರೈಟ್ ಎಂದು ಅವರದೇ ಹೆಸರು ಬಂತು. ಹಂಫ್ರಿ ಡೇವಿ ವಿದ್ಯುತ್ತಿನಿಂದ ಲೋಹವನ್ನೇ ಬೇರ್ಪಡಿಸಿದ್ದು 1808ರಲ್ಲಿ. ಗ್ರೀಕ್ ಭಾಷೆಯ 'ಭಾರ' ಎಂಬರ್ಥದ ಪದವೇ ಬೇರಿಯಂ ಆಯಿತು.

ಇಂದಿನ ಕಾರ್ಖಾನೆಯ ಮೊದಲ ಹೆಜ್ಜೆಯೂ ಕಾಶಿಯಾರೊಲೊನದೇ. ಬೆರೈಟನ್ನು ಕಲ್ಲಿದ್ದಲಿನೊಡನೆ ಸಾವಿರ ಡಿಗ್ರಿಗೂ ಮೀರಿದ ಕಾವಿನಲ್ಲಿ ಕಾಯಿಸಿದರೆ ಬೇರಿಯಂ ಸಲ್ಫೈಡ್ ಆಗುತ್ತದೆ. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಬಿಳಿ ಕಾರ್ಬೊನೇಟ್ ತಳಕ್ಕೆ ಇಳಿಯುತ್ತದೆ. ಆಗ ಹೊರಬರುವ ಹೈಡ್ರೊಜನ್ ಸಲ್ಫೈಡ್ ಕೂಡ ವಿಷಾನಿಲವೇ. ಇಟ್ಟಿಗೆಯ ಮೇಲೆ ಬಿಳಿ ಉಪ್ಪು ಏಳದಂತೆ ತಡೆಯಲು, ಪಿಂಗಾಣಿಯ ಹೊಳಪಿಗೆ, ಧ್ವನಿವರ್ಧಕದ ಅಯಸ್ಕಾಂತಕ್ಕೆ, ಹಳೆಯ ಟಿವಿಗಳ ಗಾಜಿಗೆ ಈ ಪುಡಿ ಬಳಕೆಯಾಗಿದೆ. ಇಲಿ ಪಾಷಾಣವಾಗಿಯೂ ಮಾರಾಟವಾಗಿದೆ.

ಇದು ನೀರಿನಲ್ಲಿ ಅಷ್ಟಾಗಿ ಕರಗದು. ಆದರೆ ಜಠರದ ಆಮ್ಲ ತಾಗಿದೊಡನೆ ಕರಗುವ ಕ್ಲೋರೈಡ್ ಆಗಿ ರಕ್ತ ಸೇರುತ್ತದೆ. ರಕ್ತದ ಪೊಟಾಸಿಯಂ ಕುಸಿದು, ವಾಂತಿಭೇದಿಯಾಗಿ, ಸ್ನಾಯುಗಳು ಸೋತು, ಹೃದಯದ ಲಯ ತಪ್ಪಿ, ಉಸಿರಾಟವೇ ನಿಲ್ಲಬಹುದು. ವೈದ್ಯರು ಸೋಡಿಯಂ ಅಥವಾ ಮೆಗ್ನೀಸಿಯಂ ಸಲ್ಫೇಟ್ ಕುಡಿಸುವುದುಂಟು: ಹೊಟ್ಟೆಯಲ್ಲಿರುವ ವಿಷ ಮತ್ತೆ ಕರಗದ ಸಲ್ಫೇಟ್ ಆಗಲಿ ಎಂದು. ಜೊತೆಗೆ ಪೊಟಾಸಿಯಂ ಕೊಡುತ್ತಾರೆ.

ಈ ಪುಡಿಯನ್ನು ಹಿಟ್ಟೆಂದು ಭಾವಿಸಿ ಅಡುಗೆಗೆ ಬೆರೆಸಿದ ಪ್ರಕರಣಗಳು ವೈದ್ಯಕೀಯ ಚರಿತ್ರೆಯಲ್ಲಿ ಹಲವು. ಎಕ್ಸ್-ರೇ ತೆಗೆಯುವ ಮುನ್ನ ಕುಡಿಸುವ ಬೇರಿಯಂ ಸಲ್ಫೇಟ್ ದ್ರವದಲ್ಲಿ ಕಾರ್ಬೊನೇಟ್ ಉಳಿದಿದ್ದರಿಂದ 2003ರಲ್ಲಿ ಬ್ರೆಜಿಲ್ಲಿನಲ್ಲಿ ರೋಗಿಗಳು ಸತ್ತರು. ವಾಸಿಯಾಗಲು ಹೋದವರು ಅವರು.

ಬಂಧುಗಳೇ, ಗೋದಾಮಿನಲ್ಲಾಗಲಿ ಇಟ್ಟಿಗೆ ಗೂಡಿನಲ್ಲಾಗಲಿ ಚೀಲದ ಮೇಲೆ 'ಬೇರಿಯಂ' ಎಂದು ಕಂಡರೆ ಅಲ್ಲಿಗೇ ನಿಲ್ಲಬೇಡಿ, ಎರಡನೆಯ ಪದವನ್ನೂ ಓದಿ. ಓದಲಾಗದ ಭಾಷೆಯಾದರೆ ಮೇಲ್ವಿಚಾರಕರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಹೆಸರಿಲ್ಲದ ಬಿಳಿ ಪುಡಿಯನ್ನು ಊಟದ ಡಬ್ಬಿಯ ಹತ್ತಿರ ಇಡಬೇಡಿ. ಕೈ ತೊಳೆಯದೆ ತುತ್ತು ಎತ್ತಬೇಡಿ. ಊರಲ್ಲಿ ನಮ್ಮ ದಾರಿ ಕಾಯುವವರಿದ್ದಾರೆ.