ಕಮಲಾಬಾಯಿ ಗೋಖಲೆ: ಪುಣೆಯ ರಂಗಮನೆತನದ ಅಜ್ಜಿ

ಕಮಲಾಬಾಯಿ ಗೋಖಲೆಯವರ ಹೆಸರು ಭಾರತೀಯ ಚಲನಚಿತ್ರದ ಇತಿಹಾಸದಲ್ಲಿ ಮೊದಲ ಪುಟದಲ್ಲಿಯೇ ಬರುತ್ತದೆ. ಆದರೆ ಆ ದಾಖಲೆಗಿಂತಲೂ ಮಿಗಿಲಾದುದು ಅವರು ಆಯುಷ್ಯವನ್ನು ಸವೆಸಿದ ರಂಗಭೂಮಿ ಹಾಗೂ ಕಲೆಯ ದುಡಿಮೆಯಿಂದಲೇ ಕಟ್ಟಿ ನಿಲ್ಲಿಸಿದ ಸಂಸಾರ. ನಟ ಚಂದ್ರಕಾಂತ ಗೋಖಲೆಯವರಿಗೆ ತಾಯಿಯಾಗಿ, ನಟ ವಿಕ್ರಮ್ ಗೋಖಲೆಯವರಿಗೆ ಅಜ್ಜಿಯಾಗಿ ಅವರು ಮೂರು ತಲೆಮಾರುಗಳ ರಂಗಪರಂಪರೆಗೆ ಆಧಾರಸ್ತಂಭವಾಗಿದ್ದರು. ಪುಣೆಯ ಕನ್ನಡಿಗರಿಗೆ ಅವರ ಬದುಕು ಪರಿಚಿತವಾಗಿರುವುದು ಉಚಿತ. ಏಕೆಂದರೆ ನಮ್ಮ ವೃತ್ತಿರಂಗಭೂಮಿಯ ಅನೇಕ ಅಜ್ಜಿಯಂದಿರ ಕಥೆಯೂ ಇದೇ ಬಗೆಯದು.

ಹಿನ್ನೆಲೆ

ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು (1843–1885) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ 'ಸಂಗೀತ ಶಾಕುಂತಲ' ಪುಣೆಯಲ್ಲಿ ಮೊದಲು ರಂಗವನ್ನೇರಿದ್ದು 1880ರ ಅಕ್ಟೋಬರ್ 31ರಂದು. ಅಂದಿನಿಂದ ನಾಟಕ ಮಂಡಳಿಗಳು ಊರೂರು ಸುತ್ತಿದವು. ಆದರೆ ಆ ಮಂಡಳಿಗಳಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಬಾಲಗಂಧರ್ವರ (1888–1967) ಕೀರ್ತಿಯೆಲ್ಲ ಸ್ತ್ರೀಪಾತ್ರಗಳಿಂದಲೇ ಬಂದುದು. ಮನೆತನಸ್ಥ ಹೆಣ್ಣುಮಗಳು ಬಣ್ಣ ಹಚ್ಚಿದರೆ ಸಮಾಜವು ಅದನ್ನು ಕಳಂಕವೆಂದೇ ಭಾವಿಸುತ್ತಿತ್ತು.

ತಾಯಿ ಮತ್ತು ಮಗಳು

ಅಂಥ ಕಾಲದಲ್ಲಿ ಕಮಲಾಬಾಯಿಯವರ ತಾಯಿ ದುರ್ಗಾಬಾಯಿ ಕಾಮತರು ಪತಿಯಿಂದ ಬೇರ್ಪಟ್ಟು, ಪುಟ್ಟ ಮಗಳನ್ನು ಕಟ್ಟಿಕೊಂಡು ಸಂಚಾರಿ ನಾಟಕ ಮಂಡಳಿಯನ್ನು ಸೇರಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಕಮಲಾ ಎಳವೆಯಲ್ಲಿಯೇ ರಂಗವನ್ನೇರಿದರು. ಮಂಡಳಿಯೇ ಅವರಿಗೆ ಮನೆ, ಅದೇ ಪಾಠಶಾಲೆ.

ದಾದಾಸಾಹೇಬ ಫಾಲ್ಕೆಯವರ ಮೊದಲ ಚಿತ್ರ 'ರಾಜಾ ಹರಿಶ್ಚಂದ್ರ'ದಲ್ಲಿ (1913) ತಾರಾಮತಿಯಾಗಿ ನಟಿಸಿದವರು ಅಣ್ಣಾ ಸಾಳುಂಕೆ ಎಂಬ ಪುರುಷ ನಟ. ಸಿನಿಮಾದಲ್ಲಿ ನಟಿಸಲು ಯಾವ ಹೆಂಗಸೂ ಮುಂದೆ ಬಂದಿರಲಿಲ್ಲ. ಅದರ ಬೆನ್ನಿಗೇ ತಯಾರಾದ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಪಾರ್ವತಿಯಾದರು, ಕಮಲಾ ಮೋಹಿನಿಯಾದರು. ಹೀಗೆ ಭಾರತೀಯ ಚಿತ್ರರಂಗದ ಮೊದಲ ನಟಿಯರೆಂಬ ಗೌರವ ತಾಯಿ-ಮಗಳಿಬ್ಬರಿಗೂ ಸಂದಿತು.

ಸಂಸಾರ ಮತ್ತು ರಂಗ

ಮುಂದೆ ಕಮಲಾ ನಟ ರಘುನಾಥರಾವ್ ಗೋಖಲೆಯವರನ್ನು ವಿವಾಹವಾದರು. ಆದರೆ ಎಳೆಯ ಪ್ರಾಯದಲ್ಲಿಯೇ ವೈಧವ್ಯ ಪ್ರಾಪ್ತವಾಯಿತು. ಅಂದಿನ ವಿಧವೆಗೆ ಸಮಾಜವು ವಿಧಿಸಿದ್ದುದು ಮನೆಯ ಒಳಕೋಣೆ. ಕಮಲಾಬಾಯಿ ಆರಿಸಿಕೊಂಡುದು ರಂಗದ ಬೆಳಕನ್ನು. ಮಕ್ಕಳ ಹೊಟ್ಟೆ ತುಂಬಬೇಕಾಗಿತ್ತು. ತಾವು ಬಲ್ಲ ವಿದ್ಯೆ ಅಭಿನಯವೊಂದೇ. ಅವರ ಮೂವರು ಪುತ್ರರೂ ಕಲೆಯನ್ನೇ ನಂಬಿ ಬಾಳಿದರು. ಚಂದ್ರಕಾಂತರು (1921–2008) ಮರಾಠಿ ರಂಗಭೂಮಿ ಹಾಗೂ ಚಿತ್ರರಂಗದ ಹಿರಿಯ ನಟರಾದರು. ಲಾಲಜಿ ಮತ್ತು ಸೂರ್ಯಕಾಂತರು ತಬಲಾವಾದಕರಾದರು. ಮೊಮ್ಮಗ ವಿಕ್ರಮ್ ಗೋಖಲೆಯವರು ನಾಟಕ, ಸಿನಿಮಾ, ದೂರದರ್ಶನ ಮೂರರಲ್ಲಿಯೂ ಹೆಸರು ಗಳಿಸಿ 2022ರ ನವೆಂಬರ್‌ನಲ್ಲಿ ಪುಣೆಯಲ್ಲಿಯೇ ನಿಧನರಾದರು.

ಮೂಕಿಚಿತ್ರದಲ್ಲಿ ಮೋಹಿನಿಯಾದ ಅದೇ ಕಮಲಾಬಾಯಿ ಸುಮಾರು ಏಳು ದಶಕಗಳ ಬಳಿಕ, 1980ರಲ್ಲಿ, ನಮ್ಮ ಅನಂತನಾಗ್ ಅವರೂ ನಟಿಸಿರುವ ಹಿಂದಿ ಚಿತ್ರ 'ಗೆಹ್ರಾಯಿ'ಯಲ್ಲಿ ಕಾಣಿಸಿಕೊಂಡರು. 

ಕನ್ನಡದ ನೆನಪುಗಳು

ಕನ್ನಡ ವೃತ್ತಿರಂಗಭೂಮಿಯಲ್ಲಿಯೂ ಕಂಪನಿ ಎಂದರೆ ಸಂಸಾರವೇ. ಗುಬ್ಬಿ ವೀರಣ್ಣನವರ ಮಡದಿಯರು ಅವರೊಡನೆ ರಂಗದ ಮೇಲೆ ದುಡಿದರು, ಮೊಮ್ಮಗಳು ಬಿ. ಜಯಶ್ರೀಯವರು ಆ ಪರಂಪರೆಯನ್ನು ಆಧುನಿಕ ರಂಗಭೂಮಿಗೆ ತಂದರು. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದಲ್ಲಿ ಪತ್ನಿಯರಾದ ಲಕ್ಷ್ಮೀಬಾಯಿ ಮತ್ತು ಸಾವಿತ್ರಿಯವರು ಪಾತ್ರ ವಹಿಸಿದರು. ಮಗ ನಟರಾಜರೂ ನಟರಾದರು. ಮೈಸೂರಿನ ಆರ್. ನಾಗರತ್ನಮ್ಮನವರಂತೂ 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಪುರುಷಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದರು. ಸ್ವತಃ ಅವರು ವಹಿಸಿದ ಕಂಸನ ಪಾತ್ರ ಜನಜನಿತವಾಗಿತ್ತು. 2012ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅದೇ ವರ್ಷ ಅವರು ಅಗಲಿದರು.

ಇವು ಹೆಸರು ಉಳಿದವರ ಮಾತು. ಕಂಪನಿಯ ಬಿಡಾರದಲ್ಲಿ ನಸುಕಿಗೆದ್ದು ಒಲೆ ಹಚ್ಚುವುದು, ಹರಿದ ಜರಿಸೀರೆಗೆ ಹೊಲಿಗೆ ಹಾಕುವುದು, ಪರದೆಯ ಹಿಂದೆ ಕೂಸನ್ನು ಮಲಗಿಸಿ ಗಂಟೆ ಬಾರಿಸುತ್ತಲೇ ದ್ರೌಪದಿಯಾಗಿ ನಿಲ್ಲುವುದು, ಮಳೆಗಾಲದಲ್ಲಿ ಆಟ ನಿಂತಾಗ ಒಡವೆಯನ್ನು ಒತ್ತೆಯಿಟ್ಟು ನಟರಿಗೆ ಗಂಜಿ ಕಾಣಿಸುವುದು ಇವೆಲ್ಲ ಹೆಂಗಸರ ಪಾಲಿನ ಕೆಲಸಗಳೇ ಆಗಿದ್ದವು. ಕರಪತ್ರದಲ್ಲಿ ಅಚ್ಚಾದುದು ಮಾಲೀಕರ ಹೆಸರು. ಕಂಪನಿ ಮುರಿಯದಂತೆ ಹಿಡಿದು ನಿಲ್ಲಿಸಿದವರ ಹೆಸರಿಗೆ ಅಲ್ಲಿ ಸ್ಥಳವಿರಲಿಲ್ಲ.

ದಾಖಲೆಯ ಅಗತ್ಯ

ಕಮಲಾಬಾಯಿಯವರನ್ನು ನಾವು ಇಂದು ಇಷ್ಟಾದರೂ ಬಲ್ಲೆವೆಂದರೆ ಅದಕ್ಕೆ ಒಂದು ಕಾರಣವಿದೆ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ರೀನಾ ಮೋಹನ್ ಅವರು ಇಳಿವಯಸ್ಸಿನ ಆ ಅಜ್ಜಿಯ ಮನೆಗೆ ಹೋಗಿ, ಎದುರು ಕುಳಿತು, ಅವರ ಮಾತು, ನಗು, ಮರೆವು, ಹಾಡು ಎಲ್ಲವನ್ನೂ 'ಕಮಲಾಬಾಯಿ' ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟರು. ಇನ್ನು ಕೆಲವು ವರ್ಷ ತಡವಾಗಿದ್ದರೆ ಆ ನೆನಪುಗಳು ಅವರೊಂದಿಗೇ ಹೋಗುತ್ತಿದ್ದವು.

ನಾಟಕದ ಹಸ್ತಪ್ರತಿ ಪೆಟ್ಟಿಗೆಯಲ್ಲಿ ಉಳಿದೀತು. ಅದನ್ನು ಆಡಿದ ಬಗೆ, ಹಾಡಿದ ಮಟ್ಟು ಆಡಿದವರ ಕಂಠದಲ್ಲಿ ಮಾತ್ರ ಇರುತ್ತವೆ. ಗಣೇಶೋತ್ಸವದ ವೇದಿಕೆಯಲ್ಲಿ, ಊರ ಜಾತ್ರೆಯಲ್ಲಿ, ಸಂಘದ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿದ, ಇಲ್ಲವೆ ಬಣ್ಣ ಹಚ್ಚಿದವರಿಗೆ ಅನ್ನವಿಕ್ಕಿದ ಅಜ್ಜಿಯರು ನಮ್ಮ ಹಲವು ಮನೆಗಳಲ್ಲಿ ಇದ್ದಾರೆ. ಅವರ ಬಳಿ ಕುಳಿತು, ಯಾವ ಊರು, ಯಾವ ವರ್ಷ, ಯಾವ ಪಾತ್ರ, ಜೊತೆಗಿದ್ದವರು ಯಾರು ಎಂದು ಕೇಳಿ ಬರೆದಿಡುವುದು, ಹಾಡಿದ್ದನ್ನು ಧ್ವನಿಮುದ್ರಿಸುವುದು ಇಂದು ಯಾರಿಗೂ ಕಷ್ಟವಲ್ಲ. ಹಳೆಯ ಛಾಯಾಚಿತ್ರದ ಹಿಂಬದಿಯಲ್ಲಿ ಹೆಸರುಗಳನ್ನು ಬರೆಯುವುದರಿಂದಲೇ ಈ ಕಾರ್ಯವನ್ನು ಆರಂಭಿಸಬಹುದು. ಅವರು ನಮ್ಮ ನಡುವೆ ಇರುವಾಗಲೇ ಇದು ನಡೆಯಬೇಕು.