ಇಟ್ಟ ಹೆಸರು, ಕರೆದ ಹೆಸರು

ನಮ್ಮ ಕೇರಿಗಳ ಹಳೆಯ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಕರಿಯ, ಕುಳ್ಳ, ಮೊಂಡ, ಹುಚ್ಚ, ತಿಪ್ಪ. ಮಗು ಉಳೀಲಿ ಅಂತ ತಿಪ್ಪೆ ಮೇಲೆ ಹಾಕಿ ಎತ್ತಿಕೊಂಡು ತಿಪ್ಪ ಅಂತ ಹೆಸರಿಡೋದು ಬೇರೆ ಜಾತಿಗಳಲ್ಲೂ ಇತ್ತು, ಅದನ್ನು ಮುಚ್ಚಿಡೋದು ಬೇಡ. ಆದರೆ ಅಲ್ಲಿ ತಿಪ್ಪ ಬೆಳೆದು ತಿಪ್ಪಯ್ಯನಾದ, ತಿಪ್ಪೇಗೌಡನಾದ. ಇಲ್ಲಿ ಸಾಯೋವರೆಗೂ ತಿಪ್ಪನೇ. ಅದೂ 'ಲೋ ತಿಪ್ಪ'. ಇದು ಬರೀ ಹಳ್ಳಿಯ ಒರಟುತನ ಅಂದುಕೊಳ್ಳಬೇಡಿ, ಇದಕ್ಕೆ ಶಾಸ್ತ್ರದ ಬೆಂಬಲ ಉಂಟು. ಮನುಸ್ಮೃತಿಯ ಎರಡನೆಯ ಅಧ್ಯಾಯದ ಪ್ರಕಾರ ಬ್ರಾಹ್ಮಣನ ಹೆಸರು ಮಂಗಳವನ್ನು ಸೂಚಿಸಬೇಕು, ಕ್ಷತ್ರಿಯನದು ಬಲವನ್ನು, ವೈಶ್ಯನದು ಸಂಪತ್ತನ್ನು. ಶೂದ್ರನ ಹೆಸರು ಮಾತ್ರ ಹೇಸಿಗೆ ಹುಟ್ಟಿಸುವಂತಿರಬೇಕು. ಶೂದ್ರನಿಗೇ ಈ ಮರ್ಯಾದೆ ಅಂದರೆ ಊರಾಚೆ ಇಟ್ಟವರ ಪಾಡು ಕೇಳಬೇಕೆ?

1843ರಲ್ಲಿ ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ತರ್ಕಶಾಸ್ತ್ರದ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. ಅಂಕಿತನಾಮಕ್ಕೆ ಅರ್ಥವಿಲ್ಲ, ಅದು ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಗುರುತಿನ ಹಾಗೆ ಅನ್ನೋದು ಅವನ ವಾದ. ಮನೆ ಯಾವುದು ಅಂತ ಗುರುತು ತೋರಿಸುತ್ತೆ, ಮನೆ ಎಂಥದ್ದು ಅಂತ ಹೇಳಲ್ಲ. ಕೇಳೋಕೆ ಸರಿಯಾಗೇ ಇದೆ. ಆದರೆ ಸೀಮೆಸುಣ್ಣ ಯಾರ ಕೈಯಲ್ಲಿತ್ತು, ಬಾಗಿಲು ಯಾರದ್ದು? ಇದು ಮಿಲ್‌ಗೆ ಹೊಳೆಯಬೇಕಾದ ಪ್ರಶ್ನೆ ಆಗಿರಲಿಲ್ಲ. ನಮಗೆ ಅದೇ ಮೊದಲ ಪ್ರಶ್ನೆ.

ಈ ಪ್ರಶ್ನೆ ಶಾಸನಸಭೆಯೊಳಗೇ ಎದ್ದ ದಿನವೊಂದಿದೆ. ಗಾಂಧೀಜಿ 1933ರಲ್ಲಿ 'ಹರಿಜನ್' ಪತ್ರಿಕೆ ಶುರುಮಾಡಿದ್ದರು. ಆ ಹೆಸರನ್ನು ಅಸ್ಪೃಶ್ಯರೊಬ್ಬರೇ ಸೂಚಿಸಿದ್ದು ಅಂತ ಅವರು ಹೇಳುತ್ತಿದ್ದರು. ಇರಬಹುದು. 1938ರ ಜನವರಿಯಲ್ಲಿ ಮುಂಬಯಿ ಪ್ರಾಂತದ ಕಾಂಗ್ರೆಸ್ ಸರ್ಕಾರ ಸ್ಥಳೀಯ ಬೋರ್ಡುಗಳ ಮಸೂದೆಯಲ್ಲಿ ಆ ಹೆಸರನ್ನು ಕಾನೂನಿನ ಮಾತಾಗಿಸಲು ಹೊರಟಿತು. ಭಾವುರಾವ್ ಗಾಯಕ್ವಾಡರು ಬೇಡ ಅಂದರು, ಅಂಬೇಡ್ಕರ್ ಬೇಡ ಅಂದರು. ಯಾರಿಗೆ ಹೆಸರೋ ಅವರೇ ಒಲ್ಲೆ ಅಂದಮೇಲೆ ಮುಗಿಯಬೇಕಿತ್ತು. ಕೈ ಎತ್ತಿಸಿ ಎಣಿಸಿದರು, ಬಹುಮತ ಗೆದ್ದಿತು. ಅಂಬೇಡ್ಕರ್ ಮತ್ತು ಅವರ ಪಕ್ಷದವರು ಸಭೆ ಬಿಟ್ಟು ಹೊರನಡೆದರು. ನಾವು ಹರಿಯ ಜನ ಆದರೆ ಮಿಕ್ಕವರೆಲ್ಲ ಯಾರ ಜನ? ಈ ಸರಳ ಪ್ರಶ್ನೆಗೆ ಉತ್ತರ ಇಲ್ಲದಿರೋದರಲ್ಲೇ ಆ ಹೆಸರಿನ ಅರ್ಥ ಅಡಗಿದೆ. ಜಾತಿ ಪ್ರಮಾಣಪತ್ರದಲ್ಲಿ 'ಹರಿಜನ' ಅಂತ ಬರೆಯಬೇಡಿ ಎಂದು ಕೇಂದ್ರ ಗೃಹಖಾತೆ ರಾಜ್ಯಗಳಿಗೆ ತಿಳಿಸಿದ್ದು 1982ರಲ್ಲಿ. ನಡುವೆ 44 ವರ್ಷ.

ಹಾಗಂತ ನಮ್ಮವರು ಕೇಳಿ ಪಡೆದ ಹೆಸರುಗಳೆಲ್ಲ ನಮ್ಮನ್ನು ಕಾಪಾಡಿದವು ಅಂತಲೂ ಅಲ್ಲ. ಈ ಮಾತನ್ನು ನಾವೇ ಆಡಿಕೊಳ್ಳಬೇಕು, ಬೇರೆಯವರು ಆಡಿದರೆ ಚೆನ್ನಾಗಿರಲ್ಲ. ಎಂ.ಸಿ. ರಾಜಾ ಮುಂತಾದವರ ಒತ್ತಾಯದಿಂದ ಮದ್ರಾಸು ಸರ್ಕಾರ 1922ರಲ್ಲಿ 'ಪಂಚಮ', 'ಪರಯ' ಅನ್ನೋದನ್ನು ಬಿಟ್ಟು 'ಆದಿ ದ್ರಾವಿಡ' ಅಂತ ಬರೆಯಲು ಒಪ್ಪಿತು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲೂ 'ಆದಿ ಕರ್ನಾಟಕ', 'ಆದಿ ದ್ರಾವಿಡ' ಚಾಲ್ತಿಗೆ ಬಂದವು. ಈ ನೆಲದ ಮೊದಲಿಗರು ನಾವು ಅನ್ನೋ ಹೆಮ್ಮೆ ಆ 'ಆದಿ'ಯಲ್ಲಿತ್ತು. ಅವಮಾನದ ಹೆಸರು ಹೊತ್ತು ಶಾಲೆಗೆ ಹೋಗಬೇಕಿದ್ದ ಮಗುವಿಗೆ ಅದು ಸಣ್ಣ ಲಾಭವಲ್ಲ.

1892ರಲ್ಲಿ ಜರ್ಮನಿಯ ಫ್ರೇಗೆ ಒಂದು ಪ್ರಬಂಧ ಬರೆದ. ಮುಂಜಾನೆಯ ನಕ್ಷತ್ರ, ಸಂಜೆಯ ನಕ್ಷತ್ರ ಎರಡೂ ಒಂದೇ ಶುಕ್ರ. ವಸ್ತು ಒಂದು, ಹೆಸರು ಎರಡು, ಎರಡರ ಅರ್ಥವೂ ಬೇರೆಬೇರೆ ಅಂದ. ಬೆಳ್ಳಿ ಮೂಡಿತು ಅಂತ ಎದ್ದು ಗೌಡರ ಕೊಟ್ಟಿಗೆ ಬಾಚೋಕೆ ಹೋಗುತ್ತಿದ್ದ ನಮ್ಮ ಅವ್ವಂದಿರಿಗೆ ಸಂಜೆಯ ಚುಕ್ಕಿ ನೋಡೋಕೆ ಪುರುಸೊತ್ತು ಇತ್ತೋ ಇಲ್ಲವೋ. ನಮ್ಮ ಗೋಳು ಫ್ರೇಗೆಯದಕ್ಕೆ ತಿರುವುಮುರುವು. ಹೆಸರು ಒಂದು, ಅದರ ಕೆಳಗೆ ನಿಂತ ಜನ ಎರಡು. ಹೊಲೆಯರೂ ಆದಿ ಕರ್ನಾಟಕ ಅಂತ ಬರೆಸಿದರು, ಮಾದಿಗರೂ ಬರೆಸಿದರು. ಆದಿ ದ್ರಾವಿಡದ ಕಥೆಯೂ ಅದೇ. ಒಂದು ಜಿಲ್ಲೆಯಲ್ಲಿ ಆ ಹೆಸರು ಬಲಗೈಯವರದು, ಪಕ್ಕದ ಜಿಲ್ಲೆಯಲ್ಲಿ ಎಡಗೈಯವರದು. ಶಾಲೆಯ ಮೇಷ್ಟ್ರು ಏನು ಬರೆದುಕೊಂಡರೋ ಅದೇ ಮೊಮ್ಮಕ್ಕಳ ಜಾತಿ ಆಯಿತು.

ಇದರ ಬೆಲೆ ಒಳಮೀಸಲಾತಿ ಕೇಳೋ ಹೊತ್ತಿಗೆ ಗೊತ್ತಾಯಿತು. ಎ.ಜೆ. ಸದಾಶಿವ ಆಯೋಗ 2005ರಲ್ಲಿ ನೇಮಕವಾಗಿ 2012ರಲ್ಲಿ ವರದಿ ಕೊಟ್ಟಿತು, ವರದಿ ಕಪಾಟು ಸೇರಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ದಾರಿ ಬಿಟ್ಟಮೇಲೆ ನಾಗಮೋಹನ್ ದಾಸ್ ಆಯೋಗ ಮನೆಮನೆಗೆ ಜನ ಕಳಿಸಿ ಕೇಳಿಸಿತು: ಆದಿ ಕರ್ನಾಟಕ ಅಂದ್ರಲ್ಲ, ಒಳಗಿನ ಜಾತಿ ಯಾವುದು? 2025ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತಷ್ಟೇ ಹೇಳಿ ನಿಲ್ಲಿಸಿದವರು ಸುಮಾರು 4.74 ಲಕ್ಷ. ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಕೆಲವರು ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು, ಮಾಲೀಕ ಒಳಗಿಂದ ಕೇಳಿಸಿಕೊಳ್ಳುತ್ತಾನೆ ಅಂತ ಬಾಯಿ ಬಿಟ್ಟಿರಲಿಕ್ಕಿಲ್ಲ. ಇಂಥವರನ್ನು ಹಂಚೋದು ಹೇಗೆ? ಆಯೋಗ ಅವರಿಗೇ ಒಂದು ಬೇರೆ ಗುಂಪು ಮಾಡಿ ಶೇಕಡ 1 ಕೊಡಿ ಅಂದಿತು. ಹೆಸರೇ ಒಂದು ಜಾತಿಯಾಗಿ ಹೋಯಿತು!

ಇನ್ನು ಉದ್ಧರಣ ಚಿಹ್ನೆಯ ಮಾತು. ಅಮೆರಿಕದ ಕ್ವೈನ್ 1940ರ ತನ್ನ ತರ್ಕಶಾಸ್ತ್ರದ ಪುಸ್ತಕದಲ್ಲಿ ಪದವನ್ನು ಬಳಸೋದು ಬೇರೆ, ಪದವನ್ನು ಹೆಸರಿಸೋದು ಬೇರೆ ಅಂತ ಕಟ್ಟುನಿಟ್ಟಾಗಿ ಹೇಳಿದ. ನಮ್ಮ ಮಾತಲ್ಲಿ ಹೇಳೋದಾದರೆ, ಬಾವಿ ಆಳವಾಗಿದೆ, 'ಬಾವಿ'ಗೆ ಎರಡಕ್ಷರ. ಮೊದಲನೆಯದರಲ್ಲಿ ನೀರಿದೆ, ಸೇದೋಕೆ ಬಿಟ್ಟರೆ. ಎರಡನೆಯದರಲ್ಲಿ ಮಸಿ ಮಾತ್ರ. ಚಿಹ್ನೆಯೊಳಗೆ ಹೋದ ಪದ ಹಲ್ಲು ಕಿತ್ತ ಹಾವು ಅಂತ ಇದರಿಂದ ತಿಳಿಯೋದು ಸುಲಭ.

2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದೆಹಲಿಯ ಒಂದು ಪ್ರಕರಣ ಬಂತು. ಉತ್ತರ ಭಾರತದ ನಮ್ಮ ಬಂಧುಗಳ ಜಾತಿಯ ಹೆಸರು ಹಿಡಿದು ಬೈದಿದ್ದರು. ಅದು ಪರಿಶಿಷ್ಟರ ಪಟ್ಟಿಯಲ್ಲೇ ಇರೋ ಹೆಸರು, ಕರೆದರೆ ತಪ್ಪೇನು ಅನ್ನೋ ಪ್ರಶ್ನೆ ಎದ್ದಿತು. ಪದದ ಮೂಲಾರ್ಥ ಬೇಡ, ಇವತ್ತು ಜನ ಅದನ್ನು ಯಾವ ಅರ್ಥದಲ್ಲಿ ಆಡುತ್ತಾರೆ ನೋಡಬೇಕು ಅಂದಿತು ಕೋರ್ಟು. ಅವಮಾನಿಸೋ ಉದ್ದೇಶದಿಂದ ಕರೆದರೆ 1989ರ ದೌರ್ಜನ್ಯ ತಡೆ ಕಾಯಿದೆಯಡಿ ಅಪರಾಧ. 2015ರ ತಿದ್ದುಪಡಿ ಜಾತಿ ಹೆಸರಿನ ಬೈಗುಳಕ್ಕೆ ಪ್ರತ್ಯೇಕ ಕಲಮನ್ನೇ ಇಟ್ಟಿತು. ಹೊಲೆಯ, ಮಾದಿಗ ಅಂತ ನಾವು ಮೇಲೆ ಬರೆದೆವು, ಅವು ನಮ್ಮವು. ಆ ಬಂಧುಗಳ ಹೆಸರನ್ನು ಚಿಹ್ನೆ ಹಾಕಿಯೂ ಇಲ್ಲಿ ಬರೆದಿಲ್ಲ.

ಆದರೆ ದೂರು ಕೊಡೋಕೆ ಹೋದವನಿಗೆ ಆ ಆಯ್ಕೆ ಇಲ್ಲ. ಬೈದ ಅಂದರೆ ಸಾಲದು, ಏನಂತ ಬೈದ ಹೇಳು ಅಂತಾರೆ ಠಾಣೆಯಲ್ಲಿ. ಬೈದವನು ಒಂದು ಸಲ ಅಂದದ್ದನ್ನು ಬೈಸಿಕೊಂಡವನು ರೈಟರ್ ಮುಂದೆ ತನ್ನ ಬಾಯಲ್ಲೇ ಹೇಳಿ ಬರೆಸಬೇಕು. ತನಿಖೆಗೆ ಬಂದವರಿಗೆ ಹೇಳಬೇಕು. ವರ್ಷಗಳಾದ ಮೇಲೆ ಕಟಕಟೆಯಲ್ಲಿ ನಿಂತು, ಬೈದವನು ಎದುರಿಗೇ ಕೂತಿರುವಾಗ ಮತ್ತೆ ಹೇಳಬೇಕು. ದನಿ ಸಣ್ಣದಾದರೆ ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳಿ ಅಂತಾರೆ.