ಶಾಖೆಯ ನಾಮಾಂತರ ಮತ್ತು ಇತಿಹಾಸದ ಸಾತತ್ಯ

ಕಾಪುವಿನ ಕಡೆಯ, 1990ರ ಸುಮಾರಿನ ಭೂದಸ್ತಾವೇಜನ್ನು ಬಿಚ್ಚಿದರೆ ‘ದಕ್ಷಿಣ ಕನ್ನಡ ಜಿಲ್ಲೆ, ಉಡುಪಿ ತಾಲೂಕು’ ಎಂಬ ಬರಹ ಕಾಣುವುದು. 1997ರಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ತಾಲೂಕುಗಳು ಸೇರಿ ಪ್ರತ್ಯೇಕ ಜಿಲ್ಲೆಯಾಯಿತು. ಅನಂತರ ಕಾಪುವೂ ತಾಲೂಕಾಯಿತು. ಆದರೂ ಹಳೆಯ ಪತ್ರವನ್ನು ಯಾರೂ ತಿದ್ದಲಿಲ್ಲ. ತಿದ್ದಿದ್ದರೆ ಅದು ದಾಖಲೆಯಾಗಿ ಉಳಿಯುತ್ತಿರಲಿಲ್ಲ.

ಗಣಕಶಾಸ್ತ್ರದ ಇತಿಹಾಸದಲ್ಲಿಯೂ ಇಂಥದೊಂದು ಪ್ರಸಂಗವುಂಟು. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯಲ್ಲಿ ಮುಖ್ಯ ಶಾಖೆಗೆ ರೂಢಿಯಿಂದ ‘ಮಾಸ್ಟರ್’ ಎಂದು ಹೆಸರು. 2020ರಲ್ಲಿ ಅಮೆರಿಕದಲ್ಲಿ ವರ್ಣದ್ವೇಷದ ವಿರುದ್ಧ ಚಳವಳಿಯೆದ್ದಾಗ, ಒಡೆಯ-ದಾಸ ಸಂಬಂಧವನ್ನು ನೆನಪಿಸುವ ಆ ಪದ ಆಕ್ಷೇಪಕ್ಕೆ ಗುರಿಯಾಯಿತು. ಆ ವರ್ಷದ ಅಕ್ಟೋಬರ್ 1ರಿಂದ ಗಿಟ್‌ಹಬ್ ಸಂಸ್ಥೆಯು ಹೊಸ ಭಂಡಾರಗಳಲ್ಲಿ ‘ಮೇನ್’ ಎಂಬ ಹೆಸರನ್ನು ಬಳಕೆಗೆ ತಂದಿತು.

ಮಣಿಪಾಲದಂಥ ವಿದ್ಯಾಕೇಂದ್ರದ ವಿದ್ಯಾರ್ಥಿಗಳು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಶಾಖೆಯ ಹೆಸರೆಂಬುದು ಕೊನೆಯ ದಾಖಲೆಯತ್ತ ಬೊಟ್ಟುಮಾಡುವ ಸೂಚಿಕೆ ಮಾತ್ರ. ಪ್ರತಿಯೊಂದು ದಾಖಲೆಯ ಗುರುತೂ ಅದರ ಒಳವಸ್ತು ಹಾಗೂ ಪೂರ್ವದಾಖಲೆಯ ಗುರುತಿನಿಂದಲೇ ಗಣಿತರೀತ್ಯಾ ಹುಟ್ಟುವುದರಿಂದ, ನಾಮಾಂತರದಿಂದ ಒಂದಕ್ಷರವೂ ಕದಲದು. ಹಳೆಯ ಹೆಸರನ್ನೇ ನಂಬಿದ ಪ್ರತಿಗಳು ಮಾತ್ರ ಹಳೆಯ ವಿಳಾಸದ ಕಾಗದದಂತೆ ದಾರಿ ತಪ್ಪುವುವು. ಶಾಖೆಯನ್ನೇ ತೆಗೆದು ಅದರ ಸ್ಥಾನದಲ್ಲಿ ಬೇರೊಂದನ್ನು ಬಲವಂತವಾಗಿ ನಿಲ್ಲಿಸುವುದು ಹಾಗಲ್ಲ. ಆಗ ಹಿಂದಿನ ದಾಖಲೆಗಳು ಯಾವ ಹೆಸರಿನ ಆಸರೆಯೂ ಇಲ್ಲದೆ ಕಾಲಕ್ರಮದಲ್ಲಿ ಅಳಿದುಹೋಗಬಹುದು. ಇವೆರಡನ್ನೂ ‘ಬದಲಾವಣೆ’ ಎಂಬ ಒಂದೇ ಮಾತಿನಿಂದ ಹೇಳುವ ವಾಡಿಕೆ ಸರಿಯಲ್ಲವೆಂದು ನಮಗೆ ತೋರುತ್ತದೆ. ಹಾಗೆ ಬದಲಿಸಲೇಬೇಕಾದಲ್ಲಿ, ಹಳೆಯ ಶಾಖೆಗೆ ಮತ್ತೊಂದು ಹೆಸರಿತ್ತು ಇರಿಸಿಕೊಳ್ಳಲು ಗಿಟ್‌ನಲ್ಲಿ ಅಡ್ಡಿಯಿಲ್ಲ.